ಕೈಯಲ್ಲಾದ ಕೂಸು

ಫೋನು ಬಂದಾಗ ನಾನು ಗೊಂಬೆಯೊಂದರ ಕಣ್ಣಿಗೆ ರೆಪ್ಪೆ ಅಂಟಿಸುತ್ತಿದ್ದೆ. ಆ ಕೆಲಸದಲ್ಲಿರುವಾಗ ನಾನು ಫೋನು ಎತ್ತುವುದಿಲ್ಲ, ಉಸಿರನ್ನೂ ನೋಡಿಕೊಂಡು ಬಿಡುತ್ತೇನೆ. ಅವ್ವ ಎತ್ತಿ ಕಿವಿಗಿಟ್ಟುಕೊಂಡವಳು ಕೆಂಡ ಹಿಡಿದವಳ ಹಾಗೆ ಅದನ್ನು ನನ್ನ ಮುಂದೆ ಚಾಚಿದಳು. "ನಿಮ್ಮತ್ತೆ" ಅಂದಳು.

ಅತ್ತೆ ಅಂದರೆ ಚಿಕ್ಕಲಕ್ಷ್ಮಮ್ಮ. ಕೊಣನೂರಿನ ಹತ್ತಿರ ಹೊಗೆಸೊಪ್ಪು ಬೆಳೆಯುವ ದೊಡ್ಡ ಮನೆಯ ಯಜಮಾನಿ. ಅವರ ಒಬ್ಬನೇ ಮಗ ರವೀಂದ್ರನ ಜೊತೆ ಏಳು ವರ್ಷ ಬಾಳಿ, ಮಕ್ಕಳಾಗಲಿಲ್ಲವೆಂದು ಕೋರ್ಟಿನಲ್ಲಿ ಬಿಡುಗಡೆಯಾಗಿ, ನಾನು ಹೊಳೆನರಸೀಪುರದ ತವರಿಗೆ ಬಂದು ಎರಡು ವರ್ಷ ದಾಟಿತ್ತು. ಅಲ್ಲಿಯವರೆಗೆ ಆಯಮ್ಮ ನಾನು ಇದ್ದೇನೋ ಸತ್ತೆನೋ ಎಂದು ಕೇಳಿರಲಿಲ್ಲ.

"ಏನವ್ವ ಸ್ನೇಹಲತಾ, ಚೆಂದಾಗಿದ್ದೀಯಾ?"

"ಇದೀನಿ ಅತ್ತೆ."

"ನೀನು ಮಾಡಿರೋ ಕೂಸ್ನ ಅರಕಲಗೂಡಿನ ಸ್ಟುಡಿಯೋದಲ್ಲಿ ನೋಡ್ದೆ ಕಣವ್ವ. ಎತ್ಕಂಡ್ರೆ ಉಚ್ಚೆ ಉಯ್ಯತೇನೋ ಅನ್ನಂಗದೆ. ನಮ್ಮ ರವಿಗೆ ಮದ್ವೆ ಗೊತ್ತಾಗ್ಯದೆ. ಎಣ್ಣು ಚನ್ನರಾಯಪಟ್ಟಣದ ಕಡೇದು, ಮೇಘಶ್ರೀ ಅಂತ. ತೊಟ್ಲು ಶಾಸ್ತ್ರಕ್ಕೆ ಒಂದು ಗಂಡು ಕೂಸು ಮಾಡ್ಕೊಡು."

ನಮ್ಮ ಕಡೆ ಮದುವೆಯಲ್ಲಿ ಧಾರೆಯಾದ ಮೇಲೆ ಒಂದು ಆಟವುಂಟು. ಸೀರೆಯ ಜೋಲಿ ಕಟ್ಟಿ ಅದರೊಳಗೆ ಒಂದು ಮರದ ಗೊಂಬೆ ಮಲಗಿಸುತ್ತಾರೆ. ಹೆಣ್ಣು ಅದನ್ನು ಎತ್ತಿ ಗಂಡಿನ ಕೈಗೆ ಕೊಟ್ಟು "ಮಗೀನ ಹಿಡ್ಕಳಿ, ನಾನು ಹಿಟ್ಟು ತೊಳಸ್ಬೇಕು" ಅನ್ನಬೇಕು. ಗಂಡು "ನೀನೇ ಹಿಡ್ಕ, ನಾನು ಉಳೋಕೆ ಹೋಗ್ಬೇಕು" ಅಂತ ವಾಪಸ್ ಕೊಡಬೇಕು. ಸುತ್ತ ನಿಂತ ಹೆಂಗಸರು ಕೂಸು ಅಪ್ಪನಂತೋ ಅವ್ವನಂತೋ ಎಂದು ಜಗಳವಾಡುತ್ತಾ ನಗುತ್ತಾರೆ. ನನ್ನ ಮದುವೆಯಲ್ಲಿ ಗೊಂಬೆ ಸಿಗಲಿಲ್ಲವೆಂದು ಟವೆಲ್ಲಿನಲ್ಲಿ ಗುಂಡುಕಲ್ಲು ಸುತ್ತಿ ಕೊಟ್ಟಿದ್ದರು. ಕಲ್ಲು ಎತ್ತಿಕೊಂಡವಳಿಗೆ ಕಲ್ಲೇ ಗತಿಯಾಯಿತು ಎಂದು ಅತ್ತೆ ಆಮೇಲೆ ಎಷ್ಟೋ ಸಲ ಆಡಿಕೊಂಡಿದ್ದುಂಟು.

"ಊರಲ್ಲಿ ಇಷ್ಟು ಜನ ಇರೋವಾಗ ನನ್ನ ಕೈಲೇ ಯಾಕೆ ಮಾಡಿಸ್ತೀರಿ?" ಅಂತ ಕೇಳಿದೆ.

"ಒಟ್ಟೇಲಿ ಆಗ್ದಿದ್ದು ಕೈಯಲ್ಲಾದ್ರೂ ಆಗ್ಲಿ ಅಂತ."

ನಾನು ಸಿಟ್ಟಿನ ಹೆಂಗಸು. ಇದನ್ನು ಯಾರೂ ಹೇಳಬೇಕಾಗಿಲ್ಲ. ಹಿಂದಾಗಿದ್ದರೆ ಫೋನು ಗೋಡೆಗೆ ಹೋಗುತ್ತಿತ್ತು, ಜೊತೆಗೆ ಗೊಂಬೆಯೂ. ಆವತ್ತು ಹಾಗಾಗಲಿಲ್ಲ. ನಾನು ಅಂಟಿನ ಬಾಟಲಿಗೆ ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ನಿಧಾನಕ್ಕೆ ಮಾತಾಡಿದೆ.

"ಮಾಡ್ಕೊಡ್ತೀನಿ. ದುಡ್ಡು ಬೇಡ. ಬದಲಿಗೆ ಒಂದು ಮಾತು ಬೇಕು. ನಾನು ಗೊಡ್ಡಲ್ಲ ಅಂತ ನಿಮ್ಮ ಬಾಯಲ್ಲಿ ಬರ್ಬೇಕು."

ಆ ಕಡೆ ಅತ್ತೆ ನಕ್ಕರು. "ಒಂದು ಮಾತು ತಾನೆ? ಆಗ್ಲಿ. ಮೊದ್ಲು ಕೂಸು ನೋಡಾಣ" ಅಂದು ಫೋನಿಟ್ಟರು.

ಈ ಮಾತು ನನಗೆ ಯಾಕೆ ಅಷ್ಟು ಬೇಕಾಗಿತ್ತು ಎಂದು ಹೇಳಿಬಿಡುತ್ತೇನೆ. ಹಾಸನದ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು ಒಂದೇ: ನನ್ನಲ್ಲಿ ಏನೂ ಕೊರತೆಯಿಲ್ಲ, ಅವನಲ್ಲಿ ಏನೂ ಇಲ್ಲ, ಔಷಧಿಯೂ ಇಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ರವೀಂದ್ರ ನನ್ನ ಕೈ ಹಿಡಿದುಕೊಂಡು "ಅವ್ವಂಗೆ ಗೊತ್ತಾಗೋದು ಬೇಡ ಕಣೆ, ನಾನು ಬದುಕಲ್ಲ" ಎಂದು ಅತ್ತ. ನಾನು ಬಾಯಿ ಮುಚ್ಚಿಕೊಂಡೆ. ಅಲ್ಲಿಂದ ಮುಂದೆ ಗೊಡ್ಡು ಎಂಬ ಮಾತು ನನಗೇ ಗಂಟುಬಿತ್ತು. ಕರು ಹಾಕದ ಎಮ್ಮೆಗೆ ಅನ್ನುವ ಮಾತು ಅದು. ಬಿಡುಗಡೆಯಾದ ಮೇಲೂ ಬಿಡಲಿಲ್ಲ. ಕೊಣನೂರಿನಿಂದ ಹೊಳೆನರಸೀಪುರಕ್ಕೆ ನಾನು ಬರುವುದಕ್ಕೆ ಮೊದಲೇ ಅದು ಬಂದು ಕೂತಿತ್ತು. ನಿಜ ಗೊತ್ತಿದ್ದದ್ದು ಅವ್ವನಿಗೆ ಮಾತ್ರ. ನಾನು ಹೇಳಿದೆ, ಅವಳು ನಂಬಿದಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಗೊಂಬೆ ಮಾಡಲು ಶುರು ಮಾಡಿದ್ದೂ ಸಿಟ್ಟಿನಿಂದಲೇ. ತವರಿಗೆ ಬಂದ ಹೊಸತರಲ್ಲಿ ಹಾಲಿನವನ ಜೊತೆ ಜಗಳ, ಪಕ್ಕದ ಮನೆಯವರ ಜೊತೆ ಜಗಳ, ಕುಕ್ಕರಿನ ಜೊತೆಗೂ ಜಗಳ. "ಈ ಬಾಯಿ ಇಟ್ಕೊಂಡು ಏಳು ವರ್ಷ ಅಲ್ಲಿ ಹೆಂಗಿದ್ಯೇ?" ಎಂದು ಅವ್ವ ಬೆರಗಾಗುತ್ತಿದ್ದಳು. ಒಂದು ದಿನ ಫೋನಿನಲ್ಲಿ ಯಾರೋ ಹೆಂಗಸು ಬೋಳು ರಬ್ಬರಿನ ತಲೆಯೊಂದಕ್ಕೆ ಬಣ್ಣ ಹಚ್ಚಿ ಹಚ್ಚಿ ಅದನ್ನು ಮಲಗಿರುವ ಹಸುಗೂಸು ಮಾಡಿದ್ದು ನೋಡಿದೆ. ನೋಡಿದವರು ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಿದೆಯಾ ಅಂತ ನೋಡಬೇಕು, ಹಾಗಿತ್ತು. ಇವಳ ಕೈಲಾಗೋದು ನನ್ನ ಕೈಲಿ ಯಾಕಾಗಲ್ಲ ಅಂತ ಹಠ ಬಂತು. ಸಾಮಾನು ತರಿಸಿದೆ. ಡಬ್ಬಿ ಬಿಚ್ಚಿದರೆ ಕಣ್ಣಿಲ್ಲದ ಒಂದು ತಲೆ, ಎರಡು ಕೈ, ಎರಡು ಕಾಲು, ಎಲ್ಲಾ ಬಾಳೆದಿಂಡಿನ ಬಣ್ಣ. ಅವ್ವ ನೋಡಿ ಎರಡು ಹೆಜ್ಜೆ ಹಿಂದೆ ಸರಿದು "ಇದೇನೇ, ಮಾಟದ ಸಾಮಾನು ತರಿಸಿದ್ದೀಯಲ್ಲೇ" ಅಂದಳು.

ಮೊದಲನೆಯದಕ್ಕೆ ಗೋಡೆಗೆ ಬಳಿದ ಹಾಗೆ ಬಣ್ಣ ಬಳಿದೆ. ಬಣ್ಣ ಹಿಡಿಯಲು ಅದನ್ನು ಒಲೆಯಲ್ಲಿ, ಅಂದರೆ ಬೇಕರಿಯವರು ಮಾರಿದ ಒಂದು ಹಳೇ ಚಿಕ್ಕ ಓವನ್ನಿನಲ್ಲಿ, ಹದವಾಗಿ ಬಿಸಿ ಮಾಡಬೇಕು. ನನಗೆಲ್ಲಿ ಹದ? ಬೇಗ ಆಗಲಿ ಎಂದು ಕಾವು ಏರಿಸಿದೆ. ತೆಗೆದು ನೋಡಿದರೆ ಮೂಗು ತುಟಿಯ ಮೇಲೆ ಇಳಿದಿತ್ತು. "ಪಾಪ, ಕೂಸಿಗೆ ಮೂಗು ಸೋರ್ತಾ ಐತೆ, ಒರೆಸು" ಎಂದಳು ಅವ್ವ. ಎರಡನೆಯದಕ್ಕೆ ಕೆಂಪು ಹೆಚ್ಚಾಯಿತು. "ಇದಕ್ಕೆ ಅಮ್ಮ ಆಗೈತೆ, ಬೇವಿನ ಸೊಪ್ಪು ತರ್ಲಾ?" ಅಂದಳು. ಮೂರನೆಯದಕ್ಕೆ ಕೂದಲು ನೆಡುವಾಗ ಗದ್ದೆಯಲ್ಲಿ ನಾಟಿ ಹಾಕಿದ ಹಾಗೆ ಸಾಲಾಗಿ ನೆಟ್ಟುಬಿಟ್ಟೆ. ಅವ್ವ ನಗುವುದಕ್ಕೂ ತ್ರಾಣವಿಲ್ಲದೆ ಕಂಬ ಹಿಡಿದು ಕೂತಳು. ನಾನು ಮೂರನ್ನೂ ಅಂಗಳಕ್ಕೆ ಎಸೆದೆ. ಸಂಜೆ ಹೋಗಿ ಎತ್ತಿಕೊಂಡು ಬಂದೆ.

ಆಮೇಲೆ ನಿಧಾನವಾಗಿ ಗೊತ್ತಾಯಿತು. ಬಣ್ಣವನ್ನು ನೀರುಮಜ್ಜಿಗೆಯ ಹಾಗೆ ತೆಳು ಮಾಡಿಕೊಳ್ಳಬೇಕು. ಹಚ್ಚಿ, ಸ್ಪಂಜಿನಲ್ಲಿ ತಟ್ಟಿ ತಟ್ಟಿ ಅಷ್ಟನ್ನೂ ತೆಗೆದುಬಿಡಬೇಕು. ಏನೂ ಆಗಲಿಲ್ಲ ಅನ್ನಿಸಬೇಕು. ಬಿಸಿ ಮಾಡಿ, ಆರಿಸಿ, ಮತ್ತೆ ಹಚ್ಚಬೇಕು. ಮತ್ತೆ ಏನೂ ಆಗಲಿಲ್ಲ ಅನ್ನಿಸಬೇಕು. ಹೀಗೆ ದಿನಗಟ್ಟಲೆ ಏನೂ ಆಗದೆ ಇದ್ದು, ಒಂದು ಬೆಳಿಗ್ಗೆ ಎತ್ತಿ ನೋಡಿದರೆ ಕೈಯಲ್ಲಿ ಚರ್ಮವಿರುತ್ತದೆ. ಆವತ್ತು ನನಗಾದ ಖುಷಿಯನ್ನು ಹೇಗೆ ಹೇಳಲಿ? ಹಬ್ಬಕ್ಕೂ ಅಷ್ಟು ಖುಷಿಯಾಗಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಕೂತು ಕಣತಲೆಯ ಮೇಲೆ ಒಂದು ನೀಲಿ ನರ ಎಳೆಯಲು ಇಡೀ ಮಧ್ಯಾಹ್ನ ಹೋಗುತ್ತಿತ್ತು, ಹೋದದ್ದೇ ತಿಳಿಯುತ್ತಿರಲಿಲ್ಲ. ಯಾರ ಮೇಲೂ ಸಿಟ್ಟು ನೆನಪಾಗುತ್ತಿರಲಿಲ್ಲ. "ಯಾಕೆ ಸುಮ್ಮನಿದ್ದೀಯ, ಮೈ ಸರಿಯಿಲ್ವಾ?" ಎಂದು ಅವ್ವ ಹಣೆ ಮುಟ್ಟಿ ನೋಡುತ್ತಿದ್ದಳು.

ಫೋನಿನಲ್ಲಿ ಕಲಿಸುವವರು ಮಾಡುವುದೆಲ್ಲ ಬಿಳಿ ಕೂಸು. ನಮ್ಮ ಕೂಸುಗಳ ಬಣ್ಣ ಬೇರೆ. ಕಿವಿಯ ತುದಿ ಒಂದು ಬಣ್ಣ, ಹಿಮ್ಮಡಿ ಒಂದು ಬಣ್ಣ, ಉಗುರಿನ ಬುಡದಲ್ಲಿ ಇನ್ನೊಂದು. ಅದನ್ನು ಕಲಿಯಲು ಕೂಸುಗಳನ್ನೇ ನೋಡಬೇಕಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಕೂರುತ್ತಿದ್ದೆ. ನಾನು ನೋಡಿದರೆ ಪರಿಚಯದ ಹೆಂಗಸರು ಸೆರಗು ಎಳೆದು ಕೂಸಿನ ಮುಖ ಮುಚ್ಚುತ್ತಿದ್ದರು. ಒಬ್ಬಳಂತೂ ನನ್ನ ಎದುರೇ ಉಗುಳಿ ದೃಷ್ಟಿ ತೆಗೆದಳು. ಆದ್ದರಿಂದ ನಾನು ಕದ್ದು ಕದ್ದು ನೋಡಿ ಕಲಿತೆ. ಕದ್ದು ಕಲಿತದ್ದು ಚೆನ್ನಾಗಿ ನಿಲ್ಲುತ್ತದೆ. ಕೊನೆಗೆ ಹೇಮಾವತಿಯ ಮರಳನ್ನು ತೊಳೆದು ಒಣಗಿಸಿ ಬಟ್ಟೆಯ ಮೈಯೊಳಗೆ ತುಂಬಿದ ಮೇಲೆ, ಎತ್ತಿಕೊಂಡವರು ತಮಗೆ ಗೊತ್ತಿಲ್ಲದೆ ಕತ್ತಿನ ಕೆಳಗೆ ಕೈ ಕೊಡುತ್ತಿದ್ದರು. ಫೋಟೋ ಸ್ಟುಡಿಯೋದವರು ಮದುವೆಯ ತೊಟ್ಟಿಲಿಗೆ ಬೇಕೆಂದು ಹುಡುಕಿಕೊಂಡು ಬರತೊಡಗಿದರು.

ಅತ್ತೆಯ ಫೋನು ಬಂದದ್ದು ಆಗ. ಒಂದು ವಾರದ ಮೇಲೆ ಅವರು ಮಂಚಯ್ಯನ ಕೈಯಲ್ಲಿ ಒಂದು ಹಳೆಯ ಫೋಟೋ ಕಳಿಸಿದರು. ಮಂಚಯ್ಯ ಆ ಮನೆಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ನೋಡಿಕೊಳ್ಳುವ ಆಳು. ಹಳೇಕೋಟೆಯ ಕಡೆಯಿಂದ ಹರೆಯದಲ್ಲಿ ಬಂದವನು, ಮದುವೆ ಗಿದುವೆ ಇಲ್ಲದೆ ತೋಟದ ಮನೆಯಲ್ಲೇ ಮುದುಕನಾಗಿದ್ದ. ಅವನ ಎಡಗೈಯ ಕಿರುಬೆರಳಿನ ಪಕ್ಕ ಇನ್ನೊಂದು ಪುಟ್ಟ ಬೆರಳಿತ್ತು. ಸುತ್ತಲ ಹಳ್ಳಿಯಲ್ಲೆಲ್ಲ ಅವನ ಹೆಸರೇ ಆರ್ಬೆಳ್ಳು ಮಂಚಯ್ಯ.

"ಇದು ರವಿಯಪ್ಪ ಕೂಸಾಗಿದ್ದಾಗಿಂದಂತೆ, ತಾಯಿ" ಎಂದು ಕವರು ಕೊಟ್ಟ. "ಇದ್ರಂಗೇ ಮಾಡ್ಬೇಕಂತೆ. ತಲೇಲಿ ಎಲ್ಡು ಸುಳಿ ಮರೀಬ್ಯಾಡ ಅಂತ ಯೋಳವ್ರೆ ಅಮ್ಮಾರು."

ತಲೆಯಲ್ಲಿ ಎರಡು ಸುಳಿಯಿದ್ದರೆ ಎರಡು ಮದುವೆ ಎಂಬ ಮಾತುಂಟು. ರವೀಂದ್ರನಿಗೆ ಎರಡಿತ್ತು. ಅದನ್ನು ನನಗೆ ನೆನಪು ಮಾಡಿಸುವುದಕ್ಕಾಗಿಯೇ ಹೇಳಿ ಕಳಿಸಿದ್ದು. ಕಾಫಿ ಕೊಟ್ಟೆ. ಮಂಚಯ್ಯ ಕುಡಿದು, ಕಪಾಟಿನಲ್ಲಿದ್ದ ಗೊಂಬೆಗಳನ್ನು ಒಂದು ಸಲ ನೋಡಿ ಬಸ್ಸಿಗೆ ಹೋದ.

ಕೂದಲನ್ನು ಒಂದೊಂದೇ ನೆಡಬೇಕು. ಮುಳ್ಳಿನ ತುದಿಯಂಥ ಸೂಜಿಯಲ್ಲಿ ಒಂದು ಎಳೆ ಸಿಕ್ಕಿಸಿ ಚುಚ್ಚಬೇಕು, ಅದು ಮಲಗುವ ದಿಕ್ಕು ನೋಡಿಕೊಳ್ಳಬೇಕು. ಎರಡು ಸುಳಿಯೆಂದರೆ ಒಂದು ಬಲಕ್ಕೆ ತಿರುಗಬೇಕು, ಒಂದು ಎಡಕ್ಕೆ. ಬಿಟ್ಟುಹೋದ ಗಂಡನ ತಲೆಯ ಕೂದಲನ್ನು ನಾನು ಒಂದು ತಿಂಗಳು ನೆಟ್ಟೆ. ನಗು ಬರುತ್ತಿತ್ತು, ಅಳು ಬರುತ್ತಿತ್ತು, ಆದರೂ ಸುಳ್ಳೇಕೆ, ಆ ಕೆಲಸದ ಸುಖ ಬೇರೆಲ್ಲೂ ಸಿಕ್ಕಿರಲಿಲ್ಲ. ಇಂಥ ಕೂಸನ್ನು ಇದುವರೆಗೆ ಮಾಡಿರಲಿಲ್ಲ. ತುಟಿ ಅರೆತೆರೆದು ಮಲಗಿತ್ತು. ಅವ್ವ ಒಂದು ದಿನ ನೊಣ ಕೂತಿತೆಂದು ಅದಕ್ಕೆ ಗಾಳಿ ಬೀಸಿದಳು.

ಉಗುರಿಗೆ ಬಂದಾಗ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡು ದೊಡ್ಡದು ಮಾಡಿದೆ. ಅತ್ತೆಯ ತೊಡೆಯ ಮೇಲೆ ಕೂಸು. ಹಣೆಯಲ್ಲಿ ಕಪ್ಪು ಬೊಟ್ಟು, ಮೈಗೆ ಜಾಲರಿಯ ಅಂಗಿ. ಎಡಗೈ ಹೊರಗಿತ್ತು. ಕಿರುಬೆರಳಿನ ಪಕ್ಕ ಕರಿದಾರದ ಒಂದು ಗಂಟಿತ್ತು. ದೃಷ್ಟಿಗೆ ಕಟ್ಟಿದ್ದಾರೆ ಅಂದುಕೊಂಡೆ. ದೃಷ್ಟಿಯ ದಾರವನ್ನು ಮಣಿಕಟ್ಟಿಗೆ ಕಟ್ಟುತ್ತಾರೆ, ಸೊಂಟಕ್ಕೆ ಕಟ್ಟುತ್ತಾರೆ. ಬೆರಳಿಗೆ ಯಾರು ಕಟ್ಟುತ್ತಾರೆ? ಇನ್ನೂ ದೊಡ್ಡದು ಮಾಡಿದೆ. ದಾರದಾಚೆ ಅವರೆಕಾಳಿನಷ್ಟು ಒಂದು ಬೆರಳಿತ್ತು. ಅದಕ್ಕೂ ಉಗುರಿತ್ತು.

ಸಾಮಾನ್ಯ ಕಣ್ಣಿಗೆ ಅದು ಕಾಣುವುದಲ್ಲ. ಅತ್ತೆಗೂ ಕಂಡಿರಲಾರದು, ಕಂಡಿದ್ದರೆ ಕಳಿಸುತ್ತಿರಲಿಲ್ಲ. ಒಂದೊಂದು ಉಗುರಿಗೂ ಬಣ್ಣ ಹಚ್ಚಬೇಕಾದವಳಿಗೆ ಕಂಡಿತು. ರವೀಂದ್ರನ ಕಿರುಬೆರಳಿನ ಪಕ್ಕ ಗಂಟಿನಂಥ ಕಲೆಯೊಂದಿತ್ತು. ಚಿಕ್ಕವನಿದ್ದಾಗ ಕುಡುಗೋಲು ತಗುಲಿದ್ದು ಎಂದು ಅತ್ತೆ ಹೇಳುತ್ತಿದ್ದರು, ಅವನೂ ಅದನ್ನೇ ನಂಬಿದ್ದ. ಇಂಥ ಬೆರಳು ರಕ್ತದಲ್ಲಿ ಬರುವುದು. ಮಾವನ ಮನೆತನದಲ್ಲಿ ಯಾರಿಗೂ ಇರಲಿಲ್ಲ, ಅತ್ತೆಯ ಮನೆತನದಲ್ಲೂ ಇರಲಿಲ್ಲ. ಆ ಅಂಗಳದಲ್ಲಿ ಆರು ಬೆರಳಿನವನು ಒಬ್ಬನೇ ಇದ್ದ. ಅವನು ನನ್ನ ಕಾಫಿ ಕುಡಿದು ಹೋಗಿದ್ದ.

ಕುಂಚ ಕೆಳಗಿಟ್ಟು ಹಿತ್ತಲಿಗೆ ಹೋಗಿ ಒಬ್ಬಳೇ ನಕ್ಕೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂತು ಅಂದುಕೊಂಡೆ. ಆಯಮ್ಮ ಕೊಟ್ಟ ಮಾತಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಈಗ ನಂಬಬೇಕಾದ ಅಗತ್ಯವೂ ಇರಲಿಲ್ಲ. ಹಾಳಾದ ಮೊದಲನೆಯ ಗೊಂಬೆಯ ಕಾಲಿನ ಕಿರುಬೆರಳನ್ನು ಕತ್ತರಿಸಿದೆ. ಅದನ್ನು ಹೊಸ ಕೂಸಿನ ಎಡಗೈಗೆ ಅಂಟಿಸಿ, ಸಂದು ಕಾಣದ ಹಾಗೆ ಬಣ್ಣ ಕೂಡಿಸಿ, ಉಗುರು ಬರೆದೆ. ಬೆರಳು ಅಲ್ಲೇ ಹುಟ್ಟಿದಂತೆ ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ, ಮಾಡಿದ ಕೆಲಸದ ಕೆಟ್ಟತನ ಮರೆತು ನಾನು ಅದನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದೆ.

ಮದುವೆಗೆ ಎರಡು ದಿನವಿದೆ ಎನ್ನುವಾಗ ಅತ್ತೆ ಕಾರಿನಲ್ಲಿ ಬಂದರು. ಕಾರು ಕಂಡದ್ದೇ ಅವ್ವ "ಆ ಮುಖ ನಾನು ನೋಡಲ್ಲ" ಎಂದು ಹಿತ್ತಲ ಬಾಗಿಲಿನಿಂದ ಪಕ್ಕದ ಬೀದಿಗೆ ಹೋದಳು. ಮಂಚಯ್ಯ ಹೊರಗೆ ಹೊಂಗೆಮರದ ಕೆಳಗೆ ನಿಂತ. ಅತ್ತೆ ಒಳಗೆ ಬಂದು, ಮನೆಯನ್ನು ಒಂದು ಸುತ್ತು ಕಣ್ಣಲ್ಲೇ ಅಳೆದು, ಕುರ್ಚಿಯಲ್ಲಿ ಕೂತರು. ನಾನು ಕೂಸನ್ನು ತಂದು ತೊಡೆಯ ಮೇಲಿಟ್ಟೆ.

ಅವರ ಕೈ ತಾನಾಗಿ ಕತ್ತಿನ ಕೆಳಗೆ ಹೋಯಿತು. ಮುಖ ನೋಡಿದರು. ಕ್ಷಣಹೊತ್ತು ಆ ಮುದುಕಿಯ ಮುಖ ಬೇರೆಯೇ ಆಯಿತು. "ಅಂಗೇ ಅವ್ನಲ್ಲ" ಅಂದರು, ನನಗಲ್ಲ. ಟೋಪಿ ತೆಗೆದು ಸುಳಿ ನೋಡಿದರು. ಕಾಲು ನೋಡಿದರು. ಎಡಗೈ ಎತ್ತಿ ನೋಡಿದರು.

ನಾನು ಎದುರು ನಿಂತು ಕಾಯುತ್ತಿದ್ದೆ. ಅಳುತ್ತಾರೆ, ಕೈ ಹಿಡಿಯುತ್ತಾರೆ, ಬಾಗಿಲು ಹಾಕು ಅನ್ನುತ್ತಾರೆ, ಹೀಗೆಲ್ಲ ಅಂದುಕೊಂಡಿದ್ದೆ. ಅವರು ಆ ಬೆರಳನ್ನು ಹೆಬ್ಬೆರಳಿನಲ್ಲಿ ಒಂದು ಸಲ ಸವರಿದರು.

"ಕತ್ತರಿ ಕೊಡು" ಅಂದರು.

ಅವರೇ ಕೈ ಚಾಚಿ ಮೇಜಿನ ಮೇಲಿದ್ದ ನನ್ನ ದಾರ ಕತ್ತರಿಸುವ ಕತ್ತರಿ ತೆಗೆದುಕೊಂಡರು. ಬೆರಳನ್ನು ಬುಡಕ್ಕೆ ಹಿಡಿದು ಕತ್ತರಿಸಿದರು. ತುಂಡನ್ನು ಎಲೆಅಡಿಕೆಯ ಚೀಲಕ್ಕೆ ಹಾಕಿ ದಾರ ಎಳೆದರು.

"ಇದು ಸುಲಭ. ಅವತ್ತು ಕುದ್ರೆ ಬಾಲದ ಕೂದ್ಲು ಕಟ್ಟಿದ್ದೆ" ಅಂದರು, ಸೊಪ್ಪು ಸೋಸುವವರ ದನಿಯಲ್ಲಿ. "ದಿನಾ ಒಸಿ ಒಸಿ ಬಿಗಿ ಮಾಡ್ಬೇಕು. ಒಂದೇ ಸಲ ಬಿಗಿದ್ರೆ ಕೂಸು ಕಿರುಚ್ತದೆ, ಮನೆಯೋರಿಗೆಲ್ಲ ಗೊತ್ತಾಯ್ತದೆ. ಒಣಗಿ ಬೀಳೋಗಂಟ ಬಾಣಂತಿ ಕ್ವಾಣೆಗೆ ಒಬ್ರುನ್ನೂ ಬಿಡ್ಲಿಲ್ಲ ನಾನು, ಫೋಟೋ ತೆಗೆಯೋನು ಒಬ್ಬ ಬಂದೋದ, ಅವ್ನೂ ನೋಡ್ನಿಲ್ಲ. ತಾಳ್ಮೆ ಬೇಕು ಕಣವ್ವ ಅದ್ಕೆಲ್ಲ."

"ಅತ್ತೆ, ನನಗೆ ನಿಮ್ಮ ಮಾನ ಕಳೆಯೋದು ಬೇಡ" ಅಂದೆ. "ಮಾತು ಕೊಟ್ಟಿದ್ದೀರಿ. ಛತ್ರದಲ್ಲಿ ನಾಲ್ಕು ಜನರ ಮುಂದೆ ಹೇಳಿ. ತಪ್ಪು ನಂದಲ್ಲ, ನಿಮ್ಮ ಮಗಂದು. ನಿಮಗೆ ಗೊತ್ತಿಲ್ಲ, ಡಾಕ್ಟರು…"

"ನಂಗೆ ಗೊತ್ತಿಲ್ವಾ?" ಅತ್ತೆ ತಲೆಯೆತ್ತಿದರು. "ಅವ್ನು ಐಸ್ಕೂಲಿಗೆ ಓಗೋವಾಗ ಮಂಗನಬಾವು ಬಂದು ಕೆಳಕ್ಕಿಳೀತು. ಅವತ್ತೇ ಗೊತ್ತು ನಂಗೆ. ಅವ್ರಪ್ಪ ಅನ್ನಿಸ್ಕಂಡೋನೂ ಅಂಗೇ ಇದ್ದ, ಬ್ಯಾರೆ ಕಾರಣಕ್ಕೆ. ನನ್ನತ್ತೆ ನಂಗೂ ಗೊಡ್ಡು ಅಂದ್ಲು. ತವರಿಗೆ ಓಗು ಅಂದ್ಲು. ನಾನೋಗ್ಲಿಲ್ಲ. ಮನೆ ಉಳಿಸ್ಕಂಡೆ."

ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಆ ನೋಟದಲ್ಲಿ ದ್ವೇಷವಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದ ಹುಡುಗಿಯನ್ನು ಮೇಷ್ಟರು ನೋಡುವ ಹಾಗಿತ್ತು.

"ನಿನ್ನ ದಿನಾ ಮಧ್ಯಾನ ಬ್ಯಾರನ್ನಿಗೆ ಬುತ್ತಿ ಕೊಟ್ಟು ಕಳಿಸ್ತಿದ್ನಲ್ಲ, ಯಾಕೆ ಅನ್ಕಂಡೆ? ಮನೇಲಿ ಆಳಿರ್ನಿಲ್ವಾ? ಬೆಟ್ಟದಪುರದ ಆ ವಯಸ್ಸಿನ ಉಡ್ಗನ್ನ ಅಲ್ಲಿಗೆ ಕರ್ಸಿ ಇಟ್ಕಂಡಿದ್ದು ಯಾಕೆ ಅನ್ಕಂಡೆ, ಸೊಪ್ಪು ಬೇಯ್ಸಾಕಾ? ನಾನೇ ತಲೆ ಬಾಚಿ ಮಲ್ಗೆ ಮುಡಿಸಿ ಕಳಿಸ್ತಿದ್ದೆ. ನೀನು ಬುತ್ತಿ ಇಟ್ಟು, ಪಾತ್ರೆ ತೊಳ್ಕಂಡು, ಓದಂಗೇ ಬಂದ್ಬುಡ್ತಿದ್ದೆ. ಮೂರು ವರ್ಷ ನೋಡ್ದೆ."

ಆ ಮಧ್ಯಾಹ್ನಗಳು ನನಗೆ ನೆನಪಿದ್ದವು. ಬೈಗುಳವೇ ಬದುಕಾಗಿದ್ದ ಆ ಮನೆಯಲ್ಲಿ ಅತ್ತೆ ನನ್ನ ಮೈ ಮುಟ್ಟುತ್ತಿದ್ದುದು ಅದೊಂದು ಹೊತ್ತು. ಅವರು ಹೂ ಮುಡಿಸುವಾಗ ನಾನು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಏನೇ ಅಂದರೂ ಒಳಗೆ ಪ್ರೀತಿಯಿದೆ ಎಂದು ಅವ್ವನ ಹತ್ತಿರ ಹೇಳಿಕೊಂಡಿದ್ದೆ. ಮೇಜಿನ ಮೇಲಿದ್ದ ಫೋನು ಎತ್ತಿಕೊಂಡೆ.

"ಫೋಟೋ ನನ್ನ ಫೋನಲ್ಲಿದೆ" ಅಂದೆ. "ಎಲ್ಲರಿಗೂ ಕಳಿಸ್ತೀನಿ."

"ಕಳ್ಸು. ಮೊದ್ಲು ರವಿಗೇ ಕಳ್ಸು. ಅವ್ನು ಎಂಥೋನು ಅಂತ ನಿಂಗೊತ್ತಲ್ಲ, ಬಾವಿ ನೋಡ್ಕತಾನೆ. ಕಳಿಸ್ತೀಯಾ?"

ನಾನು ಫೋನನ್ನು ಮಗುಚಿ ಕೆಳಗಿಟ್ಟೆ. ಅವರು ಕೂಸಿಗೆ ಟೋಪಿ ಹಾಕಿದರು.

"ನಿನ್ನ ಒಟ್ಟೆ ಗೊಡ್ಡಲ್ಲ ಕಣೆ. ಬುದ್ಧಿ ಗೊಡ್ಡು. ಒಂದು ಮಾತು ಬೇಕು ಅಂದಿದ್ದೆ, ಯೋಳಿದೀನಿ. ಛತ್ರ ಗಿತ್ರ ಅಂತ ಅವತ್ತು ನೀನು ಅಂದಿರ್ನಿಲ್ಲ." ಎದ್ದು ನಿಂತರು. "ಮೇಘಶ್ರೀ ಜಾಣೆ ಎಣ್ಣು. ಬರೋ ವರ್ಷಕ್ಕೆ ಆ ತೊಟ್ಲಲ್ಲಿ ದಿಟದ ಕೂಸು ಅಳ್ತದೆ. ಆಮೇಲೆ ಗೊಡ್ಡು ಯಾರು ಅಂತ ನಾನು ಬಾಯ್ಬುಡೋದೇ ಬ್ಯಾಡ, ಊರೇ ಯೋಳ್ತದೆ."

ಮಂಚಯ್ಯನನ್ನು ಕರೆದರು. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಎರಡೂ ಕೈಯಲ್ಲಿ ಕೂಸನ್ನು ಎತ್ತಿಕೊಂಡ. ಎಡಗೈಯ ಪಕ್ಕದಲ್ಲಿ ಕತ್ತರಿಸಿದ ಜಾಗ ಬಿಳಿಚಿಕೊಂಡಿತ್ತು. ಅವನು ಅದನ್ನು ನೋಡಿದ. ಬಟ್ಟೆಯ ಅಂಚು ಎಳೆದು ಆ ಕೈ ಮುಚ್ಚಿದ. ಅತ್ತೆಯ ಹಿಂದೆ ಹೋಗಿ ಕಾರಿನಲ್ಲಿ ಕೂತ.

ಮದುವೆಯ ವೀಡಿಯೋ ಸ್ಟುಡಿಯೋದವರು ಹಾಕಿದರು. ರವೀಂದ್ರ ಕೂಸಿನ ಕತ್ತಿನ ಕೆಳಗೆ ಕೈ ಕೊಟ್ಟುಕೊಂಡು ನಗುತ್ತಿದ್ದ. ಯಾರಂಗವ್ನೆ ಯಾರಂಗವ್ನೆ ಎಂದು ಹೆಂಗಸರು ಕೂಗುತ್ತಿದ್ದರು. ಮೇಘಶ್ರೀ ತಲೆ ತಗ್ಗಿಸಿರಲಿಲ್ಲ, ನೇರವಾಗಿ ಅತ್ತೆಯನ್ನೇ ನೋಡುತ್ತಿದ್ದಳು. ಆ ವೀಡಿಯೋದಿಂದ ನನಗೆ ಕೆಲಸ ಹೆಚ್ಚಾಯಿತು. ಹಾಸನದಿಂದ, ಚನ್ನರಾಯಪಟ್ಟಣದಿಂದ ಕೇಳಿದರು. ಕೈ ಇನ್ನೂ ಪಳಗಿತು. ಆದರೆ ಉಗುರು ಬರೆಯುವಾಗ ಮೊದಲಿನ ಹಾಗೆ ಹೊತ್ತು ಮರೆಯುತ್ತಿರಲಿಲ್ಲ.

ಮುಂದಿನ ವರ್ಷ ಹೊಗೆಸೊಪ್ಪಿನ ಹರಾಜು ಮುಗಿಯುವ ಹೊತ್ತಿಗೆ ಮಂಚಯ್ಯ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ. ಗಂಡುಮಗು. ಊರಿಗೆಲ್ಲ ಹಂಚಿದ್ದಾರೆ, ಇಲ್ಲಿಗೂ ಕೊಟ್ಟು ಬಾ ಅಂದರಂತೆ ಅಮ್ಮಾರು. ಅವನು ನನ್ನ ಮುಖ ನೋಡದೆ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಹೋದ.

ಅವ್ವ ಡಬ್ಬಿ ತೆಗೆದುಕೊಂಡು ಒಳಗೆ ಬಂದು ನನ್ನ ಎದುರು ಕೂತಳು. ಒಂದು ಪೇಡೆ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಬೆರಳು, ಫೋಟೋ, ಬುತ್ತಿ, ಎಲ್ಲ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಅವ್ವ ನಂಬುತ್ತಿದ್ದಳೋ ಇಲ್ಲವೋ, ಅಷ್ಟರೊಳಗೆ ಇನ್ನೊಂದು ಮಾತು ಕೊಣನೂರಿನವರೆಗೆ ಹೋಗಿ ಆ ಹಸುಗೂಸಿನ ಮೈಗೆ ಅಂಟಿಕೊಳ್ಳುತ್ತಿತ್ತು. ಅಂಟಿದ ಮಾತು ಹೇಗೆ ಬಿಡುವುದಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹುಡುಗಿ ಮೇಘಶ್ರೀ ಬ್ಯಾರನ್ನಿಗೆ ಬುತ್ತಿ ಹಿಡಿದು ಹೋಗುವಾಗ ಏನು ಅಂದುಕೊಂಡಳೋ, ಅದೂ ನನಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡೆ. ಬಂದ ಮಾತನ್ನು ನುಂಗುವವಳಲ್ಲ ನಾನು. ರವೀಂದ್ರನಿಗಾಗಿ ಒಮ್ಮೆ ನುಂಗಿದ್ದೆ, ಆವತ್ತು ಇನ್ನೊಮ್ಮೆ ನುಂಗಿದೆ.

ಅವ್ವ ಪೇಡೆ ತಿನ್ನಲಿಲ್ಲ. ಕೈಯಲ್ಲಿ ಹಿಡಿದುಕೊಂಡು, ನನ್ನ ಬೆನ್ನು ಸವರಿ, ಚಿಕ್ಕ ಮಕ್ಕಳಿಗೆ ಔಷಧಿ ಕುಡಿಸುವಾಗ ಮಾತಾಡುವ ಹಾಗೆ ಮೆಲ್ಲಗೆ ಕೇಳಿದಳು.

"ಸ್ನೇಹಾ, ಹಾಸನದಲ್ಲಿ ಒಳ್ಳೆ ಲೇಡಿ ಡಾಕ್ಟ್ರು ಬಂದವ್ರಂತೆ ಕಣವ್ವ. ಒಂದ್ಸಲ ಹೋಗಿ ತೋರಿಸ್ಕಂಡು ಬರಣ್ವಾ?"